ನೀವು ಊಟಕ್ಕೆ ಬರಲಿಲ್ಲ ಅಂತ ಯಾರಿಗೆ ಗೊತ್ತಾಗುತ್ತೆ?

ಎಂದಿನಂತೆ ಜಯನಗರದ ನನ್ನ ರೂಮಿನಿಂದಲೇ ಮಾತಾಡ್ತಾ ಇದ್ದೀನಿ. ಮಧ್ಯೆ ಸೊಪ್ಪಿನ ಗಾಡಿಯವರ ಕೂಗು ಕೇಳಿಸಿದ್ರೆ ಹೊಂದಾಣಿಕೆ ಮಾಡ್ಕೊಳ್ಳಿ.

ಕಾಲೇಜು ಶುರುವಾಗೋ ದಿನಗಳಲ್ಲಿ ನಮ್ಮ ಏರಿಯಾದ ರಸ್ತೆಗಳನ್ನ ನೋಡ್ಬೇಕು. ಆಟೋ ಬಂದು ನಿಲ್ಲುತ್ತೆ. ಒಳಗೆ ಸುತ್ತಿದ ಹಾಸಿಗೆ, ಬಕೆಟ್ಟು, ಬಕೆಟ್ಟಿನೊಳಗೆ ಮಗ್ಗು. ಅಪ್ಪನ ಕೈಯಲ್ಲಿ ಅಡ್ಮಿಷನ್ ಫೈಲು, ಅಮ್ಮನ ಕೈಯಲ್ಲಿ ಚಟ್ನಿಪುಡಿ ಡಬ್ಬಿ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ, ಎಲ್ಲಿ ನೋಡಿದ್ರೂ ಇದೇ. ಸಂಜೆ ಹೊತ್ತಿಗೆ ಅಪ್ಪ ಅಮ್ಮ ಬಸ್ ಹತ್ತಿರ್ತಾರೆ. ಮಂಚ, ಒಂದು ಬೀರು, ಇನ್ನಿಬ್ಬರು ಅಪರಿಚಿತರು, ಇಷ್ಟರ ಮಧ್ಯೆ ಹದಿನೆಂಟು ವರ್ಷದ ಮಗ ಅಥವಾ ಮಗಳು ಉಳೀತಾರೆ.

ಇವತ್ತಿನ ಸಂಚಿಕೆ ಆ ಹುಡುಗ ಹುಡುಗಿಯರಿಗೆ. ಅವರನ್ನ ಬಿಟ್ಟು ಹೋದ ಅಪ್ಪ ಅಮ್ಮಂದಿರಿಗೂ ಸ್ವಲ್ಪ ಇದೆ. ಮನೆ ಬಿಟ್ಟು ಓದೋಕೆ ಬಂದಾಗ ಮೈ, ಮನಸ್ಸು ಎರಡನ್ನೂ ಹೇಗೆ ನೋಡ್ಕೋಬೇಕು ಅನ್ನೋದು ವಿಷಯ. ನಾನು ಡಾಕ್ಟರೂ ಅಲ್ಲ, ಆಪ್ತಸಮಾಲೋಚಕನೂ ಅಲ್ಲ. ಬಿ.ಕಾಂ. ಓದಿದವನು. ಅರಸೀಕೆರೆಯಿಂದ ಇದೇ ಜಯನಗರಕ್ಕೆ ಬಂದು, ಮೂರು ವರ್ಷ ಪಿಜಿಯಲ್ಲಿ ಇದ್ದು, ಈಗ ಇಲ್ಲೇ ನೆಲೆಸಿದವನು. ಆ ಅನುಭವದಿಂದ ಹೇಳ್ತೀನಿ, ತಜ್ಞರ ಹತ್ತಿರ ಹೋಗಬೇಕಾದದ್ದು ಯಾವುದು, ಎಲ್ಲಿಗೆ ಅನ್ನೋದನ್ನೂ ಹೇಳ್ತೀನಿ.

ಮೊದಲನೆಯದಾಗಿ, ಇದು ಶುರುವಾಗೋ ರೀತಿ. ಬಂದ ದಿನವೇ ಬೇಜಾರಾಗುತ್ತೆ ಅಂತ ಎಲ್ರೂ ಅಂದ್ಕೋತಾರೆ. ನಾನು ಕಂಡ ಹಾಗೆ ಮೊದಲ ವಾರ ಚೆನ್ನಾಗೇ ಇರುತ್ತೆ. ಹೊಸ ಊರು, ಹೊಸ ಕಾಲೇಜು, ನಾಲ್ಕನೇ ಬ್ಲಾಕ್ ಸುತ್ತಾಟ, ಮೆಟ್ರೋ. ಕಷ್ಟ ಬರೋದು ಮೂರನೇ ನಾಲ್ಕನೇ ವಾರದಲ್ಲಿ. ಆಗ ಹೊಸತು ಮುಗಿದಿರುತ್ತೆ, ನಮ್ಮದು ಅನ್ನೋದು ಇನ್ನೂ ಹುಟ್ಟಿರಲ್ಲ. ಮಧ್ಯರಾತ್ರಿ ಎಚ್ಚರ ಆಗುತ್ತೆ. ಊಟ ಸೇರಲ್ಲ, ಇಲ್ಲಾ ಸುಮ್ಮನೆ ತಿಂತಾನೇ ಇರ್ತೀವಿ. ಬೆಳಗಿನ ಮೊದಲ ಕ್ಲಾಸ್ ತಪ್ಪುತ್ತೆ. ಅಮ್ಮನ ಫೋನ್ ಬಂದಾಗ ‘ಚೆನ್ನಾಗಿದ್ದೀನಿ’ ಅಂತ ಹೇಳಿ, ಇಟ್ಟ ಮೇಲೆ ಗಂಟಲು ಕಟ್ಟುತ್ತೆ. ಭಾನುವಾರ ಮಧ್ಯಾಹ್ನ ಅಂತೂ ಮುಗಿಯೋದೇ ಇಲ್ಲ.

ಇದಕ್ಕೆ ಮನೆ ನೆನಪು ಅಂತೀವಿ. ಇದು ಪುಕ್ಕಲುತನ ಅಲ್ಲ, ಸಣ್ಣತನಾನೂ ಅಲ್ಲ. ಬೇರು ಕಿತ್ತು ನೆಟ್ಟ ಸಸಿ ಮೊದಲು ಬಾಡುತ್ತೆ. ನಾಟಿ ಮಾಡಿದವರಿಗೆ ಇದು ಗೊತ್ತು. ಪೈರು ಕಚ್ಚಿಕೊಳ್ಳೋವರೆಗೂ ನೀರು ನಿಲ್ಲಿಸ್ತಾರೆ, ಬಾಡಿದೆ ಅಂತ ಬೈಯಲ್ಲ.

ಹಾಗಾದ್ರೆ ಆ ನೀರು ಯಾವುದು? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಒಬ್ಬ ಹಿರಿಯರಿಂದ. ಬೆಳಗ್ಗೆ ವಾಕಿಂಗ್ ಹೋಗುವಾಗ ಲಕ್ಷ್ಮಣರಾವ್ ಪಾರ್ಕಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಸಿಗ್ತಾರೆ. ವಯಸ್ಸು ಎಂಬತ್ತೈದು ದಾಟಿದೆ. ಅವರು 1950ರ ದಶಕದಲ್ಲಿ ಹಾಸನದ ಕಡೆಯ ಹಳ್ಳಿಯಿಂದ ಮೈಸೂರಿಗೆ ಓದೋಕೆ ಹೋದವರು. ಊಟಕ್ಕೆ ಏನು ಮಾಡ್ತಿದ್ರಿ ಸಾರ್ ಅಂತ ಕೇಳ್ದೆ. ‘ವಾರಾನ್ನ ಕಣಯ್ಯಾ’ ಅಂದ್ರು.

ವಾರಾನ್ನ ಅನ್ನೋ ಪದ ನಮ್ಮ ತಾತಂದಿರ ಕಾಲದವರಿಗೆ ಚೆನ್ನಾಗಿ ಗೊತ್ತು. ಓದೋ ಹುಡುಗ ಊರಿನ ಏಳು ಮನೆಗಳನ್ನ ಗೊತ್ತು ಮಾಡ್ಕೊಳ್ಳೋದು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರ ಪೂರ್ತಿ. ಹಾಸ್ಟೆಲ್‌ಗಳು ಕಡಿಮೆ ಇದ್ದ, ಕೈಯಲ್ಲಿ ಕಾಸೂ ಇಲ್ಲದ ಕಾಲದಲ್ಲಿ ಎಷ್ಟೋ ಜನ ಓದಿದ್ದು ಹೀಗೆ.

ಮೇಷ್ಟ್ರು ಹೇಳಿದ್ರು: ‘ಒಂದು ಗುರುವಾರ ನನಗೆ ಜ್ವರ. ಎದ್ದು ಹೋಗೋಕೆ ಆಗಲಿಲ್ಲ. ಸಾಯಂಕಾಲ ಗುರುವಾರದ ಮನೆಯ ಹುಡುಗ ಒಂದು ಚೊಂಬಲ್ಲಿ ಗಂಜಿ ಹಿಡ್ಕೊಂಡು ರೂಮಿನ ಬಾಗಿಲಲ್ಲಿ ನಿಂತಿದ್ದ. “ಅಮ್ಮ ಕಳಿಸಿದ್ಲು, ನೀವು ಊಟಕ್ಕೆ ಬರಲಿಲ್ಲವಲ್ಲ” ಅಂದ. ಆ ಮನೆಯವರು ನನ್ನ ಹತ್ರ ಹೆಚ್ಚು ಮಾತಾಡಿದವರೂ ಅಲ್ಲ.’

ನನಗೆ ಆ ಮಾತು ಅಲ್ಲೇ ನಿಂತುಬಿಡ್ತು. ‘ನೀವು ಊಟಕ್ಕೆ ಬರಲಿಲ್ಲವಲ್ಲ.’

ವಾರಾನ್ನವನ್ನ ಹೊಗಳಿ ಅಟ್ಟಕ್ಕೇರಿಸೋ ಉದ್ದೇಶ ನನಗಿಲ್ಲ. ಅದರಲ್ಲಿ ಹಂಗು ಇತ್ತು, ಎಲೆ ಮುಂದೆ ಅವಮಾನವೂ ಆಗ್ತಿತ್ತು. ಎಲ್ಲಕ್ಕಿಂತ ದೊಡ್ಡದು ಜಾತಿ. ಯಾರ ಮನೆ ಒಳಗೆ ಯಾರಿಗೆ ಎಲೆ ಹಾಕ್ತಾರೆ ಅನ್ನೋದು ಹುಟ್ಟಿನ ಮೇಲೆ ನಿಂತಿತ್ತು. ಎಷ್ಟೋ ಸಮುದಾಯದ ಮಕ್ಕಳಿಗೆ ಆ ಬಾಗಿಲು ತೆರೆದೇ ಇರಲಿಲ್ಲ. ಅದಕ್ಕೇ ಒಂದೊಂದು ಸಮುದಾಯವೂ ತನ್ನ ಮಕ್ಕಳಿಗೆ ವಿದ್ಯಾರ್ಥಿನಿಲಯ ಕಟ್ಟಿತು, ಮಠಗಳು ದಾಸೋಹ ನಡೆಸಿದವು, ಆಮೇಲೆ ಸರ್ಕಾರದ ಹಾಸ್ಟೆಲ್‌ಗಳು ಬಂದವು. ಆ ಪದ್ಧತಿ ಹೋಯ್ತು ಅಂತ ನನಗೆ ಬೇಜಾರಿಲ್ಲ. ಆದರೆ ಅದರೊಳಗೆ ಇದ್ದ ಒಂದು ವಿಷಯ ನಮಗೆ ಬೇಕು: ನೀವು ಒಂದು ದಿನ ಕಾಣದೇ ಇದ್ದರೆ ಅದು ಯಾರಿಗಾದ್ರೂ ಗೊತ್ತಾಗ್ತಿತ್ತು.

ನಮ್ಮ ಪಕ್ಕದ ಬಸವನಗುಡಿಯದೇ ಇನ್ನೊಂದು ಉದಾಹರಣೆ ಇದೆ. ಡಾ. ಎಚ್. ನರಸಿಂಹಯ್ಯ, ನಮ್ಮೆಲ್ಲರ ಎಚ್.ಎನ್. 1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬೆಂಗಳೂರಿಗೆ ಓದೋಕೆ ನಡ್ಕೊಂಡೇ ಬಂದ ಹುಡುಗ. ಮುಂದೆ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದ್ರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದ್ರು. ಆದ ಮೇಲೂ ವಾಸ ಮಾತ್ರ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ. ಅವರ ಸರಳತೆಯ ಬಗ್ಗೆ ಎಲ್ರೂ ಹೇಳ್ತಾರೆ. ನನಗೆ ಕಾಣೋದು ಇನ್ನೊಂದು: ಆ ಹಾಸ್ಟೆಲ್‌ನಲ್ಲಿ ಹುಡುಗರ ಮಧ್ಯೆ, ಅದೇ ಸೂರಿನಡಿ, ಒಬ್ಬ ಹಿರಿಯರು ಇದ್ರು.

ಈಗ ಪಿಜಿಗೆ ಬರೋಣ. ಪಿಜಿ ಕೆಟ್ಟದ್ದು ಅಂತ ನಾನು ಹೇಳಲ್ಲ. ಆದರೆ ಅದು ಮನೆಯೂ ಅಲ್ಲ, ಹಾಸ್ಟೆಲ್ಲೂ ಅಲ್ಲ. ಅಲ್ಲಿ ನೀವು ಬಾಡಿಗೆಗೆ ತಗೊಂಡಿರೋದು ಒಂದು ಮಂಚ. ಮೂರು ಜನರ ಶೇರಿಂಗ್ ರೂಮಿನಲ್ಲಿ ಒಬ್ಬ ಕಾಲೇಜಿಗೆ, ಒಬ್ಬ ನೈಟ್ ಶಿಫ್ಟಿಗೆ, ಇನ್ನೊಬ್ಬ ಇವತ್ತು ಇದ್ದು ನಾಳೆ ಖಾಲಿ ಮಾಡೋನು. ಊಟದ ಪಾತ್ರೆ ಹೊರಗಡೆ ಇಟ್ಟಿರ್ತಾರೆ, ಬೇಕಾದವರು ಬಡಿಸ್ಕೊಂಡು ಹೋಗಬಹುದು. ನೀವು ತಿಂದ್ರಾ ಬಿಟ್ರಾ ಅನ್ನೋ ಲೆಕ್ಕ ಯಾರ ಹತ್ರಾನೂ ಇರಲ್ಲ.

ನನ್ನ ಮೊದಲ ವರ್ಷ, ಮಳೆಗಾಲ. ಜ್ವರ ಬಂತು. ರೂಮಿನ ಇಬ್ಬರೂ ಹಬ್ಬಕ್ಕೆ ಊರಿಗೆ ಹೋಗಿದ್ರು. ನಾನೂ ಹೋಗಿದ್ದೀನಿ ಅಂತ ಪಿಜಿಯವರು ಅಂದ್ಕೊಂಡಿದ್ರು. ಎರಡು ದಿನ ಮೇಲೇಳೋಕೆ ಆಗಲಿಲ್ಲ, ಫೋನ್ ಚಾರ್ಜ್ ಮುಗಿದು ಬಿದ್ದಿತ್ತು. ಮೂರನೇ ದಿನ ಬಾಗಿಲು ತಟ್ಟಿದ್ದು ಯಾರು ಗೊತ್ತಾ? ನಮ್ಮ ಬೀದಿ ತಿರುವಿನ ಇಸ್ತ್ರಿ ಅಣ್ಣ. ‘ಮೂರು ದಿನದಿಂದ ಶರ್ಟು ಇಲ್ಲೇ ಇದೆ, ನೀನು ಯಾವತ್ತೂ ಹಿಂಗೆ ಬಿಡೋನಲ್ಲ, ಏನಾಯ್ತೋ?’ ಅಂತ ಕೇಳ್ಕೊಂಡು ಬಂದಿದ್ರು. ಅವರೇ ಆಟೋ ಹತ್ತಿಸಿ ಡಾಕ್ಟರ್ ಹತ್ರ ಕರ್ಕೊಂಡು ಹೋದ್ರು. ಡೆಂಗಿ ಆಗಿತ್ತು, ಪ್ಲೇಟ್‌ಲೆಟ್ ಇಳೀತಾ ಇತ್ತು.

ದಿನಾ ನಿಂತು ಎರಡು ಮಾತಾಡ್ತಿದ್ದೆ ಅನ್ನೋದು ಬಿಟ್ರೆ ನನಗೂ ಅವರಿಗೂ ಬೇರೆ ಸಂಬಂಧ ಇರಲಿಲ್ಲ. ಆ ಎರಡು ಮಾತು ಸಾಕಾಯ್ತು.

ಅದಕ್ಕೇ ಇವತ್ತು ನಾನು ನಿಮಗೆ ಕೊಡೋದು ಒಂದೇ ಪ್ರಶ್ನೆ. ಇವತ್ತು ನೀವು ಊಟಕ್ಕೆ ಬರಲಿಲ್ಲ ಅಂದ್ರೆ, ರಾತ್ರಿಯೊಳಗೆ ಯಾರಿಗೆ ಗೊತ್ತಾಗುತ್ತೆ? ಒಂದು ಹೆಸರು ತಟ್ಟನೆ ಹೊಳೆದ್ರೆ ನೀವು ಅರ್ಧ ಗೆದ್ದ ಹಾಗೆ. ಹೊಳೆಯಲಿಲ್ಲ ಅಂದ್ರೆ ಮೊದಲ ತಿಂಗಳ ನಿಮ್ಮ ಮುಖ್ಯ ಕೆಲಸ ಅದೇ. ಸಿಲಬಸ್ ಎಲ್ಲ ಆಮೇಲೆ.

ಇದನ್ನ ನಾನು ‘ನಮ್ಮದೇ ವಾರ ಕಟ್ಟೋದು’ ಅಂತೀನಿ. ಏಳು ಮನೆ ಬೇಡ. ವಾರದಲ್ಲಿ ನಿಮ್ಮನ್ನ ಕಾಣೋ, ಕಾಣದಿದ್ರೆ ಕೇಳೋ ನಾಲ್ಕೈದು ಜನ ಸಾಕು. ರೂಮಿನವರಲ್ಲಿ ಒಬ್ಬರ ಜೊತೆ ಮೊದಲ ದಿನವೇ ಒಂದು ಒಪ್ಪಂದ ಮಾಡ್ಕೊಳ್ಳಿ: ರಾತ್ರಿ ಹತ್ತರೊಳಗೆ ಬರಲ್ಲ ಅಂದ್ರೆ ಒಂದು ಮೆಸೇಜು. ಪರಸ್ಪರ ಮನೆಯವರ ನಂಬರ್ ತಗೊಂಡಿರಿ. ಕ್ಲಾಸಿನಲ್ಲಿ ಒಬ್ಬರು, ದಿನಾ ಪಕ್ಕ ಕೂರೋರು. ಮಧ್ಯಾಹ್ನದ ಊಟ ಒಂಟಿಯಾಗಿ ಫೋನ್ ನೋಡ್ಕೊಂಡು ಬೇಡ, ವಾರಕ್ಕೆ ಮೂರು ದಿನವಾದ್ರೂ ಯಾರ ಜೊತೆಗಾದ್ರೂ ಇರಲಿ. ಬೀದಿಯಲ್ಲಿ ಒಬ್ಬರು: ಕಾಂಡಿಮೆಂಟ್ಸ್ ಅಂಗಡಿಯವರೋ, ದರ್ಶಿನಿಯ ಕ್ಯಾಷಿಯರ್ರೋ, ಹೂವಿನ ಅಮ್ಮನೋ. ಒಂದೇ ಅಂಗಡಿಗೆ ಒಂದೇ ಹೊತ್ತಿಗೆ ಹೋಗಿ, ಹೆಸರು ಹೇಳಿ. ಕಾಲೇಜಿನಲ್ಲಿ ಒಬ್ಬ ಲೆಕ್ಚರರ್, ನಿಮ್ಮ ಹೆಸರು ಗೊತ್ತಿರೋರು. ಬೆಂಗಳೂರಲ್ಲಿ ದೂರದ ನೆಂಟರು ಇದ್ರೆ ತಿಂಗಳಿಗೊಮ್ಮೆ ಹೋಗಿ ಊಟ ಮಾಡಿ ಬನ್ನಿ. ಸಂಕೋಚ ಬೇಡ, ಹೋಗುವಾಗ ಅರ್ಧ ಡಜನ್ ಬಾಳೆಹಣ್ಣು ತಗೊಂಡು ಹೋದ್ರೆ ಆಯ್ತು.

ಕನ್ನಡ ಮೀಡಿಯಂನಿಂದ ಬಂದವರಿಗೆ ಒಂದು ಮಾತು. ಕ್ಲಾಸೆಲ್ಲ ಇಂಗ್ಲಿಷು, ಪಕ್ಕದವರು ಪಟಪಟ ಅಂತ ಮಾತಾಡ್ತಾರೆ, ನಾವು ಬಾಯಿ ತೆರೆಯೋಕೆ ಹೆದರಿ ಹಿಂದಿನ ಬೆಂಚಿಗೆ ಸರೀತೀವಿ. ಈ ಹಿಂದಿನ ಬೆಂಚಿನಿಂದಲೇ ಒಂಟಿತನ ಶುರುವಾಗೋದು. ಎರಡನೇ ಬೆಂಚಿನಲ್ಲಿ ಕೂತ್ಕೊಳ್ಳಿ, ಅರ್ಥ ಆಗದ್ದನ್ನ ಕ್ಲಾಸ್ ಮುಗಿದ ಮೇಲೆ ಕನ್ನಡದಲ್ಲೇ ಕೇಳಿ. ಜಯನಗರದಲ್ಲಿ ಕನ್ನಡದಲ್ಲಿ ಕೇಳಿದ್ರೆ ಉತ್ತರ ಕೊಡೋ ಮೇಷ್ಟ್ರುಗಳಿಗೆ ಬರ ಇಲ್ಲ.

ಈಗ ನನ್ನ ಸಬ್ಜೆಕ್ಟು, ದುಡ್ಡು. ನೆಮ್ಮದಿಗೂ ದುಡ್ಡಿಗೂ ಏನು ಸಂಬಂಧ ಅಂತೀರಾ? ತಿಂಗಳ ಇಪ್ಪತ್ತನೇ ತಾರೀಕಿನ ಮೇಲೆ ಪಿಜಿ ಹುಡುಗರು ಏನು ತಿಂತಾರೆ ನೋಡಿ, ಗೊತ್ತಾಗುತ್ತೆ. ದುಡ್ಡು ಕಮ್ಮಿ ಆದಾಗ ನಾವು ಮೊದಲು ಕತ್ತರಿ ಹಾಕೋದು ಊಟಕ್ಕೆ. ಹೊಟ್ಟೆ ಖಾಲಿ ಇದ್ದಾಗ ನಿದ್ದೆ ಕೆಡುತ್ತೆ, ಸಿಟ್ಟು ಬರುತ್ತೆ, ಸಣ್ಣ ಮಾತೂ ದೊಡ್ಡದಾಗಿ ಕಾಣುತ್ತೆ.

ಒಂದು ಲೆಕ್ಕ ಹಾಕೋಣ. ಪಿಜಿ ಬಾಡಿಗೆ ಬಿಟ್ಟು ಕೈಖರ್ಚಿಗೆ ಮನೆಯಿಂದ 4,000 ರೂಪಾಯಿ ಬರುತ್ತೆ ಅಂದ್ಕೊಳ್ಳಿ. ನಾನಿದ್ದ ಪಿಜಿಯಲ್ಲಿ ಮಧ್ಯಾಹ್ನ ಊಟ ಇರಲಿಲ್ಲ, ಭಾನುವಾರ ರಾತ್ರಿಯೂ ಇರಲಿಲ್ಲ. ಮಧ್ಯಾಹ್ನಕ್ಕೆ ದಿನಕ್ಕೆ 60 ರೂಪಾಯಿ ಅಂದ್ರೆ 30 ದಿನಕ್ಕೆ 1,800. ನಾಲ್ಕು ಭಾನುವಾರ ರಾತ್ರಿಗೆ ನೂರರಂತೆ 400. ಒಟ್ಟು 2,200. ದುಡ್ಡು ಬಂದ ದಿನವೇ ಇದನ್ನ ಬೇರೆ ಎತ್ತಿಡಿ, ಮುಟ್ಟಬೇಡಿ. ಇನ್ನೊಂದು 300 ಔಷಧಿಗೆ, ಆಟೋಗೆ. ಉಳಿದ 1,500 ನಿಮ್ಮದು, ಸಿನಿಮಾ ನೋಡಿ, ರೀಚಾರ್ಜ್ ಮಾಡಿಸಿ. ಖರ್ಚು ಮಾಡಿ ಉಳಿದದ್ದರಲ್ಲಿ ಊಟ ಅಲ್ಲ, ಊಟ ತೆಗೆದಿಟ್ಟು ಉಳಿದದ್ದರಲ್ಲಿ ಖರ್ಚು.

ಮನೆಯಲ್ಲಿ ಅಷ್ಟೂ ಅನುಕೂಲ ಇಲ್ಲ ಅನ್ನೋರು ಎರಡು ಕಡೆ ವಿಚಾರಿಸಿ. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳು ಒಂದು. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ವಸತಿಗೆ ಸಹಾಯಧನ ಕೊಡೋ ವಿದ್ಯಾಸಿರಿ ಯೋಜನೆ ಇನ್ನೊಂದು. ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಅಂತ ಅದು ಶುರುವಾಯ್ತು. ಷರತ್ತುಗಳಿವೆ, ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕೋಕೆ ಕೊನೇ ದಿನಾಂಕವೂ ಇರುತ್ತೆ. ಕಾಲೇಜು ಆಫೀಸಿನಲ್ಲಿ ಈ ವಾರವೇ ಕೇಳಿ.

ಊರಿಗೆ ಹೋಗೋ ವಿಷಯ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದ ಹೆಣ್ಣುಮಕ್ಕಳು ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದೆ ಮನೆಗೆ ಹೋಗಿ ಬರಬಹುದು. ಎಷ್ಟೋ ಹುಡುಗಿಯರಿಗೆ ಇದು ದೊಡ್ಡ ಧೈರ್ಯ. ಬೇಕು ಅಂದ್ರೆ ಇವತ್ತೇ ಮನೆಗೆ ಹೋಗಬಹುದು ಅನ್ನೋದು ಗೊತ್ತಿದ್ರೆ ಎಷ್ಟೋ ಸಲ ಹೋಗಬೇಕು ಅಂತಲೇ ಅನ್ಸಲ್ಲ. ಆದರೆ ಪ್ರತಿ ಶನಿವಾರ ಓಡಿದ್ರೆ ಇಲ್ಲಿ ಬೇರು ಬಿಡೋದು ಯಾವಾಗ? ನನ್ನ ಸಲಹೆ: ಹೋಗೋ ದಿನಾಂಕವನ್ನ ಮೊದಲೇ ಗೊತ್ತು ಮಾಡಿ. ಮೂರು ವಾರಕ್ಕೊಮ್ಮೆಯೋ, ತಿಂಗಳಿಗೊಮ್ಮೆಯೋ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ರೆ ಮನಸ್ಸು ಆ ದಿನದ ತನಕ ಕಾಯುತ್ತೆ. ಉಳಿದ ಭಾನುವಾರಗಳಿಗೆ ಒಂದು ಕೆಲಸ ಇಟ್ಕೊಳ್ಳಿ. ಬಟ್ಟೆ ಒಗೆಯೋದು, ಪಾರ್ಕಿನಲ್ಲಿ ಒಂದು ಸುತ್ತು, ಸಂಜೆ ರಾಗಿಗುಡ್ಡ ಹತ್ತಿ ಕೂರೋದು, ಏನಾದ್ರೂ ಸರಿ. ಮಂಚದ ಮೇಲೆ ಮಾತ್ರ ಭಾನುವಾರ ಕಳೀಬೇಡಿ.

ಅಪ್ಪ ಅಮ್ಮಂದಿರೇ, ಈಗ ನಿಮಗೆ. ಫೋನ್ ಮಾಡಿದಾಗ ‘ಓದ್ತಾ ಇದ್ದೀಯಾ’, ‘ಟೆಸ್ಟಲ್ಲಿ ಎಷ್ಟು ಬಂತು’ ಅಂತ ಕೇಳೋದು ಸಹಜ. ‘ಊಟ ಆಯ್ತಾ’ ಅಂತಾನೂ ಕೇಳ್ತೀರಿ, ಅದಕ್ಕೆ ‘ಆಯ್ತು’ ಅನ್ನೋ ಉತ್ತರ ರೆಡಿ ಇರುತ್ತೆ. ಒಂದು ಪ್ರಶ್ನೆ ಬದಲಾಯಿಸಿ ನೋಡಿ: ‘ಇವತ್ತು ಯಾರ ಜೊತೆ ಊಟ ಮಾಡಿದೆ?’ ಇದಕ್ಕೆ ಸುಮ್ಮನೆ ‘ಆಯ್ತು’ ಅನ್ನೋಕೆ ಆಗಲ್ಲ. ಮೂರು ವಾರ ಆದ್ರೂ ಒಂದು ಹೆಸರೂ ಬರ್ತಿಲ್ಲ ಅಂದ್ರೆ ಒಂದ್ಸಲ ಬಂದು ನೋಡ್ಕೊಂಡು ಹೋಗಿ. ‘ಅಷ್ಟು ದುಡ್ಡು ಕಟ್ಟಿದ್ದೀವಿ’ ಅನ್ನೋ ಮಾತು ಮಾತ್ರ ದಯವಿಟ್ಟು ಬೇಡ. ಆ ಮಾತು ಕೇಳಿದ ಮಗು ಮುಂದೆ ಕಷ್ಟ ಹೇಳಲ್ಲ.

ಕೊನೆಯದಾಗಿ, ಸ್ನೇಹಿತರು, ಊಟ, ನಿದ್ದೆಯಿಂದ ಸರಿಹೋಗದ ಸಂಗತಿ. ಎರಡು ವಾರ ಕಳೆದರೂ ಮನಸ್ಸು ಏಳ್ತಾ ಇಲ್ಲ, ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಕ್ಲಾಸಿಗೆ ಹೋಗೋಕೇ ಆಗ್ತಿಲ್ಲ ಅಂದ್ರೆ ತಜ್ಞರ ಹತ್ರ ಮಾತಾಡೋ ಹೊತ್ತು ಬಂದಿದೆ ಅಂತ ಅರ್ಥ. ಬದುಕೋದೇ ಬೇಡ ಅನ್ನೋ ಯೋಚನೆ ಬಂದ್ರೆ ಎರಡು ವಾರ ಕಾಯೋದಲ್ಲ, ಎರಡು ನಿಮಿಷವೂ ಕಾಯಬೇಡಿ.

ನಂಬರ್ ಬರ್ಕೊಳ್ಳಿ: 14416. ಒಂದು, ನಾಲ್ಕು, ನಾಲ್ಕು, ಒಂದು, ಆರು. ಇದು ಟೆಲಿ ಮಾನಸ್, ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೂ ಮಾತಾಡ್ತಾರೆ. ಇಡೀ ದೇಶದ ಈ ಸೇವೆಗೆ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್, ಜಯನಗರದಿಂದ ಕೂಗಳತೆಯಲ್ಲಿರೋದು. ‘ನಿಮ್ಹಾನ್ಸ್’ ಅಂದ್ರೆ ಇನ್ನೂ ಮೂಗು ಮುರಿಯೋರಿದ್ದಾರೆ. ದೇಶದ ಮೂಲೆ ಮೂಲೆಯಿಂದ ಜನ ಹುಡುಕ್ಕೊಂಡು ಬರೋ ಸಂಸ್ಥೆ ನಮ್ಮ ಪಕ್ಕದಲ್ಲೇ ಇದೆ. ಆಸ್ಪತ್ರೆ ಒಳಗೆ ಹೋಗೋಕೆ ಮುಜುಗರ ಅನ್ನೋರಿಗೆ ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ.

ನಿಮ್ಮ ಕಾಲೇಜಿನಲ್ಲಿ ಆಪ್ತಸಮಾಲೋಚಕರು ಇದ್ದಾರಾ ಅಂತಲೂ ಕೇಳಿ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರೋ ಸಂಸ್ಥೆ ಅರ್ಹರಾದ ಒಬ್ಬ ಸಮಾಲೋಚಕರನ್ನೋ, ಮನಶ್ಶಾಸ್ತ್ರಜ್ಞರನ್ನೋ, ಸಮಾಜ ಕಾರ್ಯಕರ್ತರನ್ನೋ ಇಟ್ಕೋಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಇದು ಉಪಕಾರ ಅಲ್ಲ, ನಿಮಗೆ ಸಲ್ಲಬೇಕಾದದ್ದು. ಅಲ್ಲಿ ಹೇಳಿದ್ದು ಊರೆಲ್ಲ ಹರಡುತ್ತೆ ಅನ್ನೋ ಭಯ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರ ಗೌಪ್ಯವಾಗಿರಬೇಕು ಅನ್ನೋ ಹಕ್ಕನ್ನ ಕೊಟ್ಟಿದೆ. ಸೀನಿಯರ್‌ಗಳ ಕಾಟ ಅಂದ್ರೆ ಯುಜಿಸಿಯ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522. ತಕ್ಷಣ ಅಪಾಯ ಅಂದ್ರೆ 112.

ಮೈ ಹುಷಾರಿಲ್ಲ ಅಂದ್ರೂ ಇದೇ ಮಾತು. ಅಡ್ಮಿಷನ್ ಕಾಲವೇ ಮಳೆಗಾಲ, ಮಳೆಗಾಲವೇ ಡೆಂಗಿ ಕಾಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿತ್ತು. ಜ್ವರ ಎರಡನೇ ದಿನವೂ ಇದ್ರೆ ಮೆಡಿಕಲ್ ಶಾಪಿನ ಮಾತ್ರೆ ನಂಬ್ಕೊಂಡು ಮಲಗಬೇಡಿ, ರಕ್ತ ಪರೀಕ್ಷೆ ಮಾಡಿಸಿ. ದುಡ್ಡಿನ ಯೋಚನೆ ಇದ್ರೆ ಜಯನಗರ ಜನರಲ್ ಆಸ್ಪತ್ರೆ ಸರ್ಕಾರದ್ದೇ.

ಜಯನಗರದ ನಿವಾಸಿಗಳೇ, ನಿಮ್ಮ ಪಕ್ಕದ ಕಟ್ಟಡ ಪಿಜಿ ಆಗಿದೆ, ಗಲಾಟೆ, ಗಾಡಿ ಪಾರ್ಕಿಂಗ್ ತೊಂದರೆ ಅಂತ ನಿಮಗೆ ಬೇಸರ ಇದೆ, ಗೊತ್ತು. ಆದರೂ ಗೇಟಿನ ಹತ್ರ ದಿನಾ ಕಾಣೋ ಒಬ್ಬ ಹುಡುಗನ್ನೋ ಹುಡುಗೀನೋ ‘ಯಾವೂರಪ್ಪಾ’, ‘ಯಾವೂರಮ್ಮಾ’ ಅಂತ ಕೇಳಿ. ಊಟ ಹಾಕಬೇಕಿಲ್ಲ. ಹೆಸರು ಗೊತ್ತಿದ್ರೆ ಸಾಕು.

ಈಗ ಕೇಳ್ತಾ ಇರೋ ಮೊದಲ ವರ್ಷದವರು, ಸಂಚಿಕೆ ಮುಗಿದ ತಕ್ಷಣ ಫೋನ್ ಕೆಳಗಿಡಿ. ಪಕ್ಕದ ಮಂಚದವರನ್ನ ‘ಊಟಕ್ಕೆ ಹೋಗೋಣ್ವಾ’ ಅಂತ ಕರೀರಿ. ಬರಲ್ಲ ಅಂದ್ರೆ ನಾಳೆ ಮತ್ತೆ ಕರೀರಿ.

ಮುಂದಿನ ವಾರ ಸಿಗೋಣ. ನಮಸ್ಕಾರ.